ಮೊಡವೆ ಗುಳಿಗೆ ಲೇಸರ್: ದುಡ್ಡು ಕಟ್ಟುವ ಮುಂಚೆ

ಪ್ರಶ್ನೆ: ನನಗೆ 27 ವರ್ಷ. ಊರು ಕುಂದಾಪುರದ ಹತ್ತಿರ. ಮುಂಬಯಿಯ ಕಾಂದಿವಲಿಯಲ್ಲಿ ಮಾವನ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತೇನೆ. ಹೈಸ್ಕೂಲಿನಿಂದಲೇ ಮೊಡವೆ. ಎರಡೂ ಕೆನ್ನೆಯಲ್ಲಿ ಗುಳಿ ಬಿದ್ದಿವೆ, ಕಪ್ಪು ಕಲೆಗಳೂ ಇವೆ, ದವಡೆಯ ಅಂಚಿನಲ್ಲಿ ಎರಡು ಗಂಟುಗಳಿವೆ. ಡಾಕ್ಟರು ಬರೆದುಕೊಟ್ಟ ಐಸೊಟ್ರೆಟಿನೋಯಿನ್ ಮಾತ್ರೆ ಮೂರು ತಿಂಗಳು ತಗೊಂಡು, ಗುಣ ಕಂಡಿತು ಅಂತ ನಾನೇ ನಿಲ್ಲಿಸಿದೆ. ಅದಾಗಿ ಎರಡು ತಿಂಗಳಾಯಿತು. ಈಗ ಮತ್ತೆ ಒಂದೊಂದು ಮೊಡವೆ ಬರುತ್ತಿದೆ. ಕಲೆಗೆ ಅಂತ ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮನ್ನು ಒಂದು ವರ್ಷದಿಂದ ಹಚ್ಚುತ್ತಿದ್ದೇನೆ. ಮೊನ್ನೆ ಒಂದು ಕ್ಲಿನಿಕ್‌ನಲ್ಲಿ ಆರು ಸಿಟ್ಟಿಂಗ್ ಸಿಓಟು ಲೇಸರ್‌ಗೆ 72,000 ರೂಪಾಯಿ ಹೇಳಿದರು. ಗಣಪತಿ ಆಫರ್ ಮುಗಿಯುವುದರೊಳಗೆ ಕಟ್ಟಿದರೆ 54,000 ಅಂತೆ. ಮುಖ ಪೂರ್ತಿ ಸರಿಹೋಗುತ್ತದೆ ಅಂದರು. ಕಟ್ಟಲಾ? ಅಮ್ಮ, 'ಗಂಡಸರ ಮುಖಕ್ಕೆ ಅದೆಲ್ಲ ಯಾಕೆ, ವಯಸ್ಸಾದ ಹಾಗೆ ಹೋಗುತ್ತೆ' ಅನ್ನುತ್ತಾರೆ. ನಾನು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಉತ್ತರ: ಈಗಲೇ ಕಟ್ಟಬೇಡಿ. ಲೇಸರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಮುಂದೆ ನಿಮಗೆ ಅದರಿಂದ ಉಪಯೋಗ ಆಗಬಹುದು. ಆದರೆ ನಿಮ್ಮ ಮುಖದಲ್ಲಿ ಒಂದಲ್ಲ, ನಾಲ್ಕು ತೊಂದರೆಗಳಿವೆ: ಗುಳಿ, ಕಪ್ಪು ಕಲೆ, ಗಂಟು, ಇನ್ನೂ ಬರುತ್ತಿರುವ ಮೊಡವೆ. ಸಿಓಟು, ಅಂದರೆ ಕಾರ್ಬನ್ ಡೈಆಕ್ಸೈಡ್ ಲೇಸರ್ ಇರುವುದು ಇವುಗಳಲ್ಲಿ ಗುಳಿಗೆ ಮಾತ್ರ, ಅದೂ ಎಲ್ಲ ಥರದ ಗುಳಿಗೂ ಅಲ್ಲ. ಗಂಟಿನ ಮೇಲೆ ಹೊಡೆದರೆ ಗಂಟು ದೊಡ್ಡದಾಗಬಹುದು. ಕಪ್ಪು ಕಲೆಯ ಮೇಲೆ ಹೊಡೆದರೆ ಇನ್ನೂ ಕಪ್ಪಾಗಬಹುದು. ನಾಲ್ಕನ್ನೂ ಬೇರೆ ಬೇರೆ ನೋಡದೆ ಮುಖಕ್ಕೆಲ್ಲ ಒಂದೇ ದರ ಹೇಳಿದ್ದಾರೆ ಅನ್ನುವುದೇ ನನಗೆ ಸರಿಕಾಣದ ವಿಷಯ.

ಕಪ್ಪು ಕಲೆಯಿಂದ ಶುರು ಮಾಡುತ್ತೇನೆ. ಕಣ್ಣು ಮುಚ್ಚಿ ಕೆನ್ನೆಯ ಮೇಲೆ ಬೆರಳಾಡಿಸಿ ನೋಡಿ. ಕನ್ನಡಿಯಲ್ಲಿ ಕಂಡ ಕಲೆ ಬೆರಳಿಗೆ ಸಿಗದಿದ್ದರೆ ಅದು ಗುಳಿಯಲ್ಲ, ಬರೀ ಬಣ್ಣ. ಮೊಡವೆ ಉರಿದು ಆರಿದ ಜಾಗದಲ್ಲಿ ಚರ್ಮ ತನಗೆ ಬಣ್ಣ ಕೊಡುವ ಮೆಲನಿನ್ ಜಾಸ್ತಿ ಮಾಡಿಟ್ಟಿರುತ್ತದೆ. ನಮ್ಮಂಥ ಕಂದು ಚರ್ಮದವರಲ್ಲಿ ಇದು ತೀರಾ ಸಾಮಾನ್ಯ. ಹೊಸ ಮೊಡವೆ ನಿಂತು ಬಿಸಿಲಿಗೆ ತಡೆ ಸಿಕ್ಕರೆ ಇದು ತಾನಾಗಿ ಮಾಸುತ್ತದೆ. ಕೆಲವರಿಗೆ ಮೂರು ನಾಲ್ಕು ತಿಂಗಳು ಸಾಕು, ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತದೆ. ಬೇಗ ಮಾಸಲಿ ಅಂತ ಅಝಲೈಕ್ ಆಸಿಡ್, ಅಡಾಪಲೀನ್ ಥರದ ಕ್ರೀಮುಗಳನ್ನು ನಾವು ಕೊಡುತ್ತೇವೆ. ಇವು ಮೊಡವೆಗೂ ಆಗುತ್ತವೆ. ಜೊತೆಗೆ ದಿನಾ ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿಯ ಸನ್‌ಸ್ಕ್ರೀನ್, ಹೊರಗೇ ಇದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ. ಕಂದು ಬಣ್ಣ ಬೆರೆತ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಸಿಕ್ಕರೆ ಒಳ್ಳೆಯದು. ಕಲೆ ಕಪ್ಪಾಗಿಸುವುದು ನೇರಳಾತೀತ ಕಿರಣ ಒಂದೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಬಣ್ಣದ ಸನ್‌ಸ್ಕ್ರೀನ್ ಅದನ್ನೂ ಸ್ವಲ್ಪ ತಡೆಯುತ್ತದೆ.

ಕಲೆಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಮುಂದೆ ಬಂದು 'ಡಾಕ್ಟ್ರೇ, ಮುಖ ತುಂಬಾ ಗುಳಿ' ಅನ್ನುವವರಲ್ಲಿ ಎಷ್ಟೋ ಜನರಿಗೆ ಗುಳಿಗಿಂತ ಬಣ್ಣವೇ ಜಾಸ್ತಿ ಇರುತ್ತದೆ. ಗುಳಿಯ ತಳ ಕಪ್ಪಾಗಿದ್ದರೆ ಅದು ಇದ್ದದ್ದಕ್ಕಿಂತ ಆಳವಾಗಿ ಕಾಣುತ್ತದೆ. ಬಣ್ಣ ಹೋದ ಮೇಲೆ ಉಳಿಯುವ ಗುಳಿ ಎಷ್ಟು ಅಂತ ನೋಡಿ ಲೇಸರ್ ತೀರ್ಮಾನ ಮಾಡಿದರೆ ಎರಡು ಮೂರು ಸಿಟ್ಟಿಂಗಿನ ದುಡ್ಡು ಉಳಿಯಬಹುದು.

ಇನ್ನು ಆ ಮೆಡಿಕಲ್ ಶಾಪಿನ ಕ್ರೀಮು. ದಯವಿಟ್ಟು ಇವತ್ತೇ ಟ್ಯೂಬನ್ನು ಕೈಗೆ ತಗೊಂಡು ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್, ಫ್ಲುಯೊಸಿನೊಲೋನ್ ಇವುಗಳಲ್ಲಿ ಯಾವುದಾದರೂ ಒಂದು ಹೆಸರಿದ್ದರೆ ಅದು ಸ್ಟೀರಾಯ್ಡ್. ಮೊದಲ ಕೆಲವು ವಾರ ಮುಖ ತಿಳಿಯಾದ ಹಾಗೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಕಾಣಿಸುತ್ತವೆ, ಕ್ರೀಮು ಬಿಟ್ಟ ಕೂಡಲೇ ಉರಿ ಬರುತ್ತದೆ. ಸಣ್ಣ ಸಣ್ಣ ಮೊಡವೆ ಗುಂಪು ಗುಂಪಾಗಿ ಏಳುತ್ತವೆ. ನಿಮಗೆ ಈಗ ಬರುತ್ತಿರುವ ಮೊಡವೆಯಲ್ಲಿ ಒಂದಷ್ಟು ಇದರಿಂದಲೇ ಇರಬಹುದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಕೌಂಟರಿನ ಮೇಲೆ ಸಿಗುತ್ತಲೇ ಇವೆ. ವರ್ಷದಿಂದ ಹಚ್ಚಿದ್ದೀರಿ, ಹಾಗಾಗಿ ಒಮ್ಮೆಲೇ ಬಿಟ್ಟು ಮುಖ ಕೆಂಪಾದರೆ ಗಾಬರಿಯಾಗಿ ಮತ್ತೆ ಅದನ್ನೇ ಹಚ್ಚಬೇಡಿ. ಟ್ಯೂಬನ್ನು ಜೇಬಿನಲ್ಲಿಟ್ಟುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ, ಬಿಡಿಸುವ ದಾರಿ ಅವರಿಗೆ ಗೊತ್ತು. ಸ್ಟೀರಾಯ್ಡ್‌ನಿಂದ ತೆಳುವಾದ ಚರ್ಮದ ಮೇಲೆ ಯಾರೂ ಲೇಸರ್ ಹೊಡೆಯಬಾರದು. ನಿಮ್ಮ ಕ್ಲಿನಿಕ್‌ನವರು 'ಏನು ಹಚ್ಚುತ್ತಿದ್ದೀರಿ' ಅಂತ ಕೇಳಿದ್ದರಾ?

ದವಡೆಯ ಗಂಟುಗಳ ವಿಷಯ ಬೇರೆಯೇ. ಚರ್ಮಕ್ಕೆ ಗಟ್ಟಿತನ ಕೊಡುವ ನಾರಿನಂಥ ಪ್ರೋಟೀನಿಗೆ ಕೊಲ್ಯಾಜನ್ ಅನ್ನುತ್ತಾರೆ. ಗಾಯ ಮಾಯುವಾಗ ಚರ್ಮ ಅದನ್ನು ಕಡಿಮೆ ಕಟ್ಟಿದರೆ ಗುಳಿ, ಮಿತಿಮೀರಿ ಕಟ್ಟಿದರೆ ಗಂಟು. ದವಡೆ, ಎದೆಯ ನಡುವೆ, ಭುಜ, ಬೆನ್ನು, ಈ ಜಾಗಗಳಲ್ಲಿ ಇದು ಜಾಸ್ತಿ. ಹಳೆಯ ಮೊಡವೆಯ ಗಡಿ ದಾಟಿ ಬೆಳೆಯುತ್ತಿದ್ದರೆ ಅದನ್ನು ಕೆಲಾಯ್ಡ್ ಅನ್ನುತ್ತೇವೆ. ಇದಕ್ಕೆ ಗಂಟಿನೊಳಗೇ ಟ್ರಯಾಮ್ಸಿನೊಲೋನ್ ಇಂಜೆಕ್ಷನ್ ಕೊಡುತ್ತೇವೆ, ಮೂರು ನಾಲ್ಕು ವಾರಕ್ಕೊಮ್ಮೆ, ಗಂಟು ಕೂರುವ ತನಕ. ಇದು ಸ್ಟೀರಾಯ್ಡೇ. ಆದರೆ ಸರಿಯಾದ ಜಾಗದಲ್ಲಿ, ಅಳತೆ ನೋಡಿ ಕೊಡುವ ಸ್ಟೀರಾಯ್ಡ್. ಎದೆ ಭುಜಗಳಲ್ಲೂ ಇಂಥ ಗಂಟು ಇದ್ದರೆ, ಇಲ್ಲವೇ ಮನೆಯಲ್ಲಿ ಯಾರಿಗಾದರೂ ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದಿದ್ದರೆ, ಲೇಸರ್ ಮಾಡುವವರಿಗೆ ಅದನ್ನು ಮೊದಲೇ ಹೇಳಬೇಕು. ಅಂಥವರ ಮುಖದಲ್ಲಿ ಜೋರಾಗಿ ಸುಟ್ಟರೆ ಅಲ್ಲೂ ಗಂಟು ಏಳಬಹುದು.

ಈಗ ಮೊಡವೆ. ಹೊಸ ಮೊಡವೆ ಬರುತ್ತಿರುವಾಗ ಹಳೆಯ ಗುಳಿ ತುಂಬಿಸಲು ಹೊರಡುವುದರಲ್ಲಿ ಅರ್ಥವಿಲ್ಲ. ಐಸೊಟ್ರೆಟಿನೋಯಿನ್ ಗುಣ ಕಂಡ ಕೂಡಲೇ ಬಿಡುವ ಮಾತ್ರೆಯಲ್ಲ. ದೇಹದ ತೂಕದ ಲೆಕ್ಕದಲ್ಲಿ ಒಟ್ಟು ಡೋಸ್ ತಲುಪಬೇಕು. ಸಾಮಾನ್ಯವಾಗಿ ಪ್ರತಿ ಕಿಲೋಗೆ 120ರಿಂದ 150 ಮಿಲಿಗ್ರಾಂ. ಮೂರೇ ತಿಂಗಳಲ್ಲಿ ಹೆಚ್ಚಿನವರಿಗೆ ಅದು ತಲುಪುವುದಿಲ್ಲ. ಮತ್ತೆ ಬರುತ್ತಿರುವುದಕ್ಕೆ ಅದೂ ಕಾರಣ ಇರಬಹುದು. ಕೊಟ್ಟ ಡಾಕ್ಟರ ಹತ್ತಿರವೇ ವಾಪಸ್ ಹೋಗಿ ಮುಂದೇನು ಅಂತ ಕೇಳಿ. ಅವರು ಬೈಯುವುದಿಲ್ಲ, ಇದು ನಾವು ದಿನಾ ನೋಡುವ ಸಂಗತಿ. ಲಿವರ್ ಮತ್ತು ಕೊಬ್ಬಿನ ರಕ್ತಪರೀಕ್ಷೆ ಇಲ್ಲದೆ ಹಳೆಯ ಚೀಟಿ ತೋರಿಸಿ ನೀವೇ ತಂದು ನುಂಗಬೇಡಿ. ಮನೆಯ ಹೆಣ್ಣುಮಕ್ಕಳಿಗೆ 'ನಂಗೆ ಚೆನ್ನಾಗಿ ಕೆಲಸ ಮಾಡ್ತು' ಅಂತ ಖಂಡಿತ ಕೊಡಬೇಡಿ. ಗರ್ಭಿಣಿಯರು ಇದನ್ನು ತಗೊಂಡರೆ ಮಗುವಿಗೆ ಗಂಭೀರ ಅಂಗದೋಷಗಳು ಬರುತ್ತವೆ.

ಮಾತ್ರೆ ಬಿಟ್ಟು ಆರು ತಿಂಗಳು ಲೇಸರ್ ಮಾಡಿಸಬಾರದು ಅಂತ ನೀವು ಎಲ್ಲಾದರೂ ಓದಿರಬಹುದು. ಅದು ಹಳೆಯ ನಿಯಮ. 2017ರಲ್ಲಿ ಅಮೆರಿಕದ ಚರ್ಮತಜ್ಞರು ಇದ್ದ ಅಧ್ಯಯನಗಳನ್ನೆಲ್ಲ ಮತ್ತೆ ತೆಗೆದು ನೋಡಿದರು. ಚರ್ಮಕ್ಕೆ ಚುಕ್ಕಿ ಚುಕ್ಕಿಯಾಗಿ ಮಾತ್ರ ಬಿಸಿ ಮುಟ್ಟಿಸುವ ಫ್ರ್ಯಾಕ್ಷನಲ್ ಲೇಸರ್‌ಗೆ ಅಷ್ಟು ಕಾಯಲೇಬೇಕು ಅನ್ನಲು ಆಧಾರ ಸಾಲದು ಅಂತ ಬರೆದರು. ಮುಖ ಪೂರ್ತಿ ಮೇಲ್ಪದರ ತೆಗೆಯುವ ಲೇಸರ್ ಮತ್ತು ಯಂತ್ರದಿಂದ ಚರ್ಮ ಉಜ್ಜುವ ಡರ್ಮಾಬ್ರೇಷನ್ ಮಾತ್ರ ಆ ಸಮಯದಲ್ಲಿ ಬೇಡ ಅಂದರು. ಅಂದರೆ ಮಾತ್ರೆಯ ಕಾರಣಕ್ಕೆ ನಿಮ್ಮ ಬಾಗಿಲು ಮುಚ್ಚಿಲ್ಲ. ಆದರೆ ಮಾತ್ರೆ ತಗೊಂಡಿದ್ದನ್ನು ಮುಚ್ಚಿಡಬಾರದು.

ಇಷ್ಟಾದ ಮೇಲೆ ಗುಳಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ದುಡ್ಡು ಪೋಲಾಗುವುದು ಇಲ್ಲೇ.

ರಾತ್ರಿ ರೂಮಿನ ಲೈಟ್ ಆರಿಸಿ ಕನ್ನಡಿ ಮುಂದೆ ನಿಂತು, ಮೊಬೈಲಿನ ಟಾರ್ಚನ್ನು ಕೆನ್ನೆಯ ಪಕ್ಕದಿಂದ ಹಿಡಿಯಿರಿ, ಎದುರಿನಿಂದ ಬೇಡ. ಗುಳಿಗಳ ನೆರಳು ಬೀಳುತ್ತದೆ. ಈಗ ಎರಡು ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎಳೆದು ನೋಡಿ. ಎಳೆದಾಗ ಮಾಯವಾಗುವ ಗುಳಿಗಳು ಒಂದು ಜಾತಿ, ಎಷ್ಟು ಎಳೆದರೂ ಹಾಗೇ ಉಳಿಯುವ ಗುಳಿಗಳು ಇನ್ನೊಂದು ಜಾತಿ. ನಾವು ಕ್ಲಿನಿಕ್‌ನಲ್ಲಿ ಗುಳಿಯ ತೀವ್ರತೆಗೆ ದರ್ಜೆ ಕೊಡುವುದೂ ಹೆಚ್ಚುಕಡಿಮೆ ಹೀಗೇ. 50 ಸೆಂಟಿಮೀಟರ್ ದೂರದಿಂದ ಕಾಣುತ್ತದಾ, ಎಳೆದರೆ ಸಮವಾಗುತ್ತದಾ? ನಿಮ್ಮ ಗಲ್ಲಾದ ಆಚೆ ನಿಂತು ಬಿಲ್ ಕೊಡುವ ಗಿರಾಕಿ ಸುಮಾರು ಅಷ್ಟೇ ದೂರದಲ್ಲಿರುತ್ತಾನೆ.

ಎಳೆದಾಗ ಸಮವಾಗುವ, ಅಗಲವಾದ, ಅಂಚು ಸರಿಯಾಗಿ ಕಾಣದ ಗುಳಿಗಳಿಗೆ ರೋಲಿಂಗ್ ಗುಳಿ ಅನ್ನುತ್ತೇವೆ. ಸಾಮಾನ್ಯವಾಗಿ ನಾಲ್ಕೈದು ಮಿಲಿಮೀಟರ್‌ಗಿಂತ ಅಗಲ. ಹತ್ತಿಯ ಹಾಸಿಗೆಗೆ ನಡುನಡುವೆ ಹೊಲಿಗೆ ಹಾಕಿದ ಕಡೆ ತಗ್ಗು ಬೀಳುತ್ತದಲ್ಲ, ಇಲ್ಲೂ ಚರ್ಮವನ್ನು ಕೆಳಗಿನಿಂದ ನಾರುಗಳು ಹಾಗೆ ಎಳೆದು ಹಿಡಿದಿರುತ್ತವೆ. ಮೇಲಿನಿಂದ ಎಷ್ಟು ಲೇಸರ್ ಹೊಡೆದರೂ ಕೆಳಗಿನ ಆ ಹಿಡಿತ ಬಿಡುವುದಿಲ್ಲ. ಇದಕ್ಕೆ ಮೊದಲು ಮಾಡಬೇಕಾದದ್ದು ಸಬ್‌ಸಿಷನ್. ಜಾಗ ಮರಗಟ್ಟಿಸಿ, ಚರ್ಮದಡಿಗೆ ಸೂಜಿ ಇಲ್ಲವೇ ಕ್ಯಾನುಲಾ ಅನ್ನುವ ಮೊಂಡು ತುದಿಯ ಸಣ್ಣ ಕೊಳವೆ ತೂರಿಸಿ, ಆ ನಾರುಗಳನ್ನು ಕತ್ತರಿಸುತ್ತೇವೆ. ಕತ್ತರಿಸುವಾಗ ಸಣ್ಣಗೆ ಕರಕರ ಶಬ್ದ ಬರುತ್ತದೆ. ಮಲಗಿದವರಿಗೂ ಅದು ಕೇಳಿಸುತ್ತದೆ, ಹೆದರಬೇಡಿ. ಒಂದು ವಾರ ಹತ್ತು ದಿನ ಕೆನ್ನೆ ಊದಿ ನೀಲಿಗಟ್ಟಿರುತ್ತದೆ. ಮಾಡುವವರ ಕೈ ಪಳಗಿರಬೇಕು, ದವಡೆ ಕೆನ್ನೆಯಲ್ಲಿ ನರ ರಕ್ತನಾಳಗಳು ಹಾದುಹೋಗುತ್ತವೆ.

ಇದಕ್ಕೆ ತದ್ವಿರುದ್ಧವಾದದ್ದು ಐಸ್‌ಪಿಕ್ ಗುಳಿ. ಬಾಯಿ ಎರಡು ಮಿಲಿಮೀಟರ್‌ಗಿಂತ ಸಣ್ಣದು, ಆದರೆ ಒಳಗೆ ಹೋಗುತ್ತಾ ಚೂಪಾಗಿ ಆಳಕ್ಕೆ ಇಳಿದಿರುತ್ತದೆ. ಎಳೆದರೂ ಹೋಗದು. ಮುಖಕ್ಕೆ ಸಾಮಾನ್ಯವಾಗಿ ಕೊಡುವ ಲೇಸರ್ ಅದರ ತಳದವರೆಗೆ ಮುಟ್ಟುವುದೇ ಕಷ್ಟ. ಇದಕ್ಕೆ ಟಿಸಿಎ ಕ್ರಾಸ್ ಅನ್ನುವ, ನೋಡಲು ತೀರಾ ಸಾದಾ ವಿಧಾನವಿದೆ. ಟ್ರೈಕ್ಲೋರೊ ಅಸಿಟಿಕ್ ಆಸಿಡ್ ಅನ್ನು ಗಟ್ಟಿ ಪ್ರಮಾಣದಲ್ಲಿ, 70ರಿಂದ 100 ಶೇಕಡಾ, ತಗೊಳ್ಳುತ್ತೇವೆ. ನಿಮ್ಮ ಗಲ್ಲಾದ ಮೇಲೆ ಸೋಂಪಿನ ಪಕ್ಕ ಇರುತ್ತದಲ್ಲ, ಅಂಥ ಮರದ ಕಡ್ಡಿಯ ಚೂಪು ತುದಿಯನ್ನು ಅದರಲ್ಲಿ ಅದ್ದಿ ಗುಳಿಯ ತಳಕ್ಕೆ ಮಾತ್ರ ಮುಟ್ಟಿಸುತ್ತೇವೆ. ಕೆಲವೇ ಸೆಕೆಂಡಿನಲ್ಲಿ ಆ ಚುಕ್ಕಿ ಬೆಳ್ಳಗಾಗುತ್ತದೆ. ಮುಂದಿನ ಗುಳಿ, ಮತ್ತೆ ಅಷ್ಟೇ. ಅಂಚಿಗೆ ತಾಗಬಾರದು, ತಾಗಿದರೆ ಗುಳಿಯೇ ಅಗಲವಾಗುತ್ತದೆ. ಒಂದು ವಾರ ಸಣ್ಣ ಹಕ್ಕಳೆ, ಆಮೇಲೆ ಗುಳಿ ಒಳಗಿನಿಂದ ತುಂಬುತ್ತಾ ಬರುತ್ತದೆ. ನಾಲ್ಕೈದು ವಾರದ ಅಂತರದಲ್ಲಿ ಕೆಲವು ಸಲ ಮಾಡಬೇಕಾಗುತ್ತದೆ. ಈ ಆಸಿಡ್ ಆನ್‌ಲೈನ್‌ನಲ್ಲೂ ಸಿಗುತ್ತದೆ, ವಿಡಿಯೋ ನೋಡಿ ಮನೆಯಲ್ಲೇ ಮಾಡಿಕೊಳ್ಳುವವರಿದ್ದಾರೆ. ಬೇಡ, ಮುಖ ಸುಟ್ಟುಕೊಳ್ಳುತ್ತೀರಿ. ತೀರಾ ಆಳವಾದ ಒಂದೆರಡು ಗುಳಿಗಳಿದ್ದರೆ ಅವನ್ನು ಪಂಚ್ ಅನ್ನುವ ದುಂಡನೆಯ ಬ್ಲೇಡಿನಿಂದ ಕತ್ತರಿಸಿ ತೆಗೆದು ಹೊಲಿಗೆ ಹಾಕುವುದೂ ಉಂಟು.

ಮೂರನೆಯದು ಬಾಕ್ಸ್‌ಕಾರ್. ಅಂಚು ನೇರವಾಗಿ ಇಳಿದು, ತಳ ಚಪ್ಪಟೆ. ಇವುಗಳಲ್ಲಿ ಹೆಚ್ಚು ಆಳವಿಲ್ಲದವೇ ಲೇಸರ್‌ಗೆ ಚೆನ್ನಾಗಿ ಬಗ್ಗುವುದು. ಹೆಚ್ಚಿನವರ ಮುಖದಲ್ಲಿ ಮೂರೂ ಬೆರೆತಿರುತ್ತವೆ. ಹಾಗಾಗಿ ಒಳ್ಳೆಯ ಡಾಕ್ಟರು ನಿಮ್ಮ ಕೆನ್ನೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ, ಇದಕ್ಕೆ ಸಬ್‌ಸಿಷನ್, ಇದಕ್ಕೆ ಕ್ರಾಸ್, ಉಳಿದದ್ದಕ್ಕೆ ಲೇಸರ್ ಅಂತ. ಪೆನ್ನು ಕೈಗೆ ತಗೊಳ್ಳದೆ ಸಿಟ್ಟಿಂಗಿನ ಲೆಕ್ಕ ಹೇಳಿದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ.

ಈಗ ಸಿಓಟು ಲೇಸರ್. ಇದನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಕುಮಾರ್ ಪಟೇಲ್. ಹುಟ್ಟಿದ್ದು ನಮ್ಮ ಪಕ್ಕದ ಬಾರಾಮತಿಯಲ್ಲಿ, ಇಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ಮಹಾರಾಷ್ಟ್ರದಲ್ಲಿ ಕೂತು ಈ ಲೇಸರ್ ಬಳಸುವಾಗ ನನಗೆ ಅದು ಖುಷಿ ಕೊಡುವ ವಿಷಯ. ಇದರ ಕಿರಣದ ತರಂಗಾಂತರ 10,600 ನ್ಯಾನೋಮೀಟರ್. ನೀರು ಇದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಚರ್ಮದಲ್ಲಿ ನೀರಿನ ಅಂಶ ಜಾಸ್ತಿ ಇರುವುದರಿಂದ ಕಿರಣ ತಾಗಿದ ಜಾಗ ಕ್ಷಣದಲ್ಲಿ ಆವಿಯಾಗುತ್ತದೆ, ಸುತ್ತಲಿನ ಚರ್ಮಕ್ಕೆ ಬಿಸಿ ಹೋಗುತ್ತದೆ. ಆ ಬಿಸಿಯಿಂದ ಹಳೆಯ ಕೊಲ್ಯಾಜನ್ ಕುಗ್ಗಿ, ಮುಂದಿನ ತಿಂಗಳುಗಳಲ್ಲಿ ಹೊಸದು ಕಟ್ಟುತ್ತದೆ. ಮೊದಲೆಲ್ಲ ಮುಖದ ಮೇಲ್ಪದರವನ್ನು ಪೂರ್ತಿ ಸುಡುತ್ತಿದ್ದರು. ಫಲ ಜೋರಾಗಿತ್ತು, ಅಪಾಯವೂ ಅಷ್ಟೇ. 2004ರಲ್ಲಿ ಬಾಸ್ಟನ್‌ನ ಡೀಟರ್ ಮ್ಯಾನ್‌ಸ್ಟೈನ್, ರಾಕ್ಸ್ ಆ್ಯಂಡರ್ಸನ್ ಮತ್ತು ಸಂಗಡಿಗರು ಫ್ರ್ಯಾಕ್ಷನಲ್ ಅನ್ನುವ ದಾರಿ ತೋರಿಸಿದರು. ಕೂದಲೆಳೆಯಷ್ಟು ತೆಳ್ಳಗಿನ ಕಂಬಗಳಂತೆ ಅಲ್ಲಲ್ಲಿ ಮಾತ್ರ ಚರ್ಮಕ್ಕೆ ಬಿಸಿ ಮುಟ್ಟಿಸುವುದು, ನಡುವಿನ ಚರ್ಮವನ್ನು ಹಾಗೇ ಬಿಡುವುದು. ಬಿಟ್ಟ ಚರ್ಮದಿಂದ ಗಾಯ ಬೇಗ ಮಾಯುತ್ತದೆ. ಈಗ ಮೊಡವೆ ಗುಳಿಗೆ ಸಿಓಟು ಅಂದರೆ ಬಹುತೇಕ ಫ್ರ್ಯಾಕ್ಷನಲ್ ಸಿಓಟು. ಆದರೂ ಬಾಯಿಬಿಟ್ಟು ಕೇಳಿ ಖಾತ್ರಿ ಮಾಡಿಕೊಳ್ಳಿ.

ನಮ್ಮ ಬಣ್ಣದ ಚರ್ಮಕ್ಕೆ ಇದರಲ್ಲಿರುವ ದೊಡ್ಡ ತೊಂದರೆ ಲೇಸರ್ ಆದಮೇಲಿನ ಕಪ್ಪು. ಮೊಡವೆ ಆರಿದ ಜಾಗದಲ್ಲಿ ಕಪ್ಪಾಗುವ ನಿಮ್ಮ ಚರ್ಮ ಲೇಸರ್ ತಾಗಿದ ಜಾಗದಲ್ಲೂ ಕಪ್ಪಾಗುವುದಕ್ಕೆ ತಯಾರಾಗೇ ಇರುತ್ತದೆ. ಕೆಲವೊಮ್ಮೆ ಇಡೀ ಕೆನ್ನೆಯ ಮೇಲೆ ಚೌಕುಳಿ ಚೌಕುಳಿಯಾಗಿ ಕಪ್ಪು ಏಳುತ್ತದೆ. ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ಹೋಗುತ್ತದೆ, ಆದರೆ ಆ ತಿಂಗಳುಗಳನ್ನು ಕಳೆಯುವುದು ಸುಲಭವಲ್ಲ. ಇದನ್ನು ಕಡಿಮೆ ಮಾಡಲು ಒಂದು ಸಲಕ್ಕೆ ಚುಕ್ಕಿಗಳ ಸಾಂದ್ರತೆ ಕಡಿಮೆ ಇಡಬೇಕು, ಸಿಟ್ಟಿಂಗುಗಳ ನಡುವೆ ಆರೆಂಟು ವಾರ ಬಿಡಬೇಕು. ಒಂದೇ ಸಲಕ್ಕೆ ಜೋರಾಗಿ ಹೊಡೆಯಿರಿ ಅಂತ ನೀವೂ ಒತ್ತಾಯ ಮಾಡಬಾರದು. ಮೊದಲ ಸಲ ಕಿವಿಯ ಮುಂದೆ ಎರಡು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಮಾತ್ರ ಹೊಡೆಸಿ, ಆರು ವಾರ ಕಾದು ನೋಡಿ. ಇದನ್ನು ಟೆಸ್ಟ್ ಸ್ಪಾಟ್ ಅನ್ನುತ್ತಾರೆ. ಕೇಳಿದರೆ ಒಳ್ಳೆಯ ಡಾಕ್ಟರು ಬೇಡ ಅನ್ನುವುದಿಲ್ಲ.

ಲೇಸರ್ ದಿನ ಏನಾಗುತ್ತದೆ ಅಂತ ಹೇಳುತ್ತೇನೆ. ಗಡ್ಡ ಪೂರ್ತಿ ತೆಗೆಸಿ ಹೋಗಬೇಕು. ಮುಖಕ್ಕೆ ಮರಗಟ್ಟುವ ಕ್ರೀಮು ಬಳಿದು ಸುಮಾರು ಒಂದು ಗಂಟೆ ಕೂರಿಸುತ್ತಾರೆ. ಕಣ್ಣಿಗೆ ಗಟ್ಟಿ ಕವಚ. ಲೇಸರ್ ಹೊಡೆಯುವುದು ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಚುರುಕ್ ಚುರುಕ್ ಅನ್ನುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ಮುಗಿದ ಮೇಲೆ ಮೂರು ನಾಲ್ಕು ಗಂಟೆ ಮುಖ ಉರಿಯುತ್ತದೆ. ಮರುದಿನ ಊತ. ಎರಡನೇ ಮೂರನೇ ದಿನಕ್ಕೆ ಮುಖದ ತುಂಬ ಸಾಲು ಸಾಲಾಗಿ ಕಂದು ಚುಕ್ಕಿಗಳ ಹಕ್ಕಳೆ, ಮುಟ್ಟಿದರೆ ಒರಟು. ಐದರಿಂದ ಏಳು ದಿನದಲ್ಲಿ ತಾನಾಗಿ ಉದುರುತ್ತದೆ. ಕೀಳಬಾರದು, ಉಜ್ಜಬಾರದು, ಉದುರುವ ತನಕ ಶೇವ್ ಮಾಡಬಾರದು. ದಿನಕ್ಕೆ ನಾಲ್ಕೈದು ಸಲ ಸಾದಾ ನೀರಿನಲ್ಲಿ ಮೆಲ್ಲಗೆ ತೊಳೆದು ವ್ಯಾಸಲೀನ್ ತೆಳ್ಳಗೆ ಹಚ್ಚಿ ಚರ್ಮ ಒಣಗದ ಹಾಗೆ ನೋಡಿಕೊಳ್ಳಬೇಕು. ಅರಿಶಿನ, ಲೋಳೆಸರ, ನಿಂಬೆ ಏನೂ ಬೇಡ. ಹಕ್ಕಳೆ ಉದುರಿದ ದಿನದಿಂದ ಸನ್‌ಸ್ಕ್ರೀನ್.

ಆ ವಾರ ನೀವು ಹೋಟೆಲಿಗೆ ಹೋಗಬಾರದು. ಇದನ್ನು ಮಾವನಿಗೆ ಮೊದಲೇ ಹೇಳಿಟ್ಟುಕೊಳ್ಳಿ. ಜನ ನೋಡುತ್ತಾರೆ ಅಂತ ಅಲ್ಲ. ತವಾದ ಬಿಸಿ, ಬೆವರು, ಒಗ್ಗರಣೆ ಹೊಗೆ, ಇವೆಲ್ಲ ಹಸಿ ಚರ್ಮಕ್ಕೆ ಒಳ್ಳೆಯದಲ್ಲ. ಬಿಸಿ ತಾಗಿದಷ್ಟೂ ಕಪ್ಪಾಗುವ ಸಂಭವ ಜಾಸ್ತಿ. ನಿಮ್ಮ ಗಲ್ಲಾ ತವಾದ ಎದುರಿಗೇ ಇದ್ದರೆ ಇನ್ನೂ ಒಂದೆರಡು ವಾರ ಬೇರೆ ಕಡೆ ಕೂರುವ ವ್ಯವಸ್ಥೆ ಮಾಡಿಕೊಳ್ಳಿ. ನಿಮಗೆ ತುಟಿಯ ಅಂಚಿನಲ್ಲಿ ಯಾವಾಗಲಾದರೂ ಗುಂಪಾಗಿ ನೀರುಗುಳ್ಳೆ ಎದ್ದಿದ್ದರೆ ಅದು ಹರ್ಪಿಸ್ ಇರಬಹುದು. ಲೇಸರ್‌ಗೆ ಮುಂಚೆಯೇ ಹೇಳಿದರೆ ಅದಕ್ಕೆ ಮಾತ್ರೆ ಕೊಡುತ್ತಾರೆ. ಹೇಳದಿದ್ದರೆ ಹಸಿ ಮುಖದ ತುಂಬ ಹರಡಿ ಹೊಸ ಗುಳಿಗಳನ್ನೇ ಮಾಡಬಹುದು. ಮೂರನೇ ದಿನದ ಹೊತ್ತಿಗೆ ನೋವು ಇಳಿಯುವ ಬದಲು ಏರಿದರೆ, ಕೀವು ಕಂಡರೆ, ಗುಳ್ಳೆ ಎದ್ದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬಾರದು.

ಇಷ್ಟೆಲ್ಲ ಮಾಡಿ ಎಷ್ಟು ಸರಿಹೋಗುತ್ತದೆ? ಪೂರ್ತಿ ಅಂತ ಯಾರು ಹೇಳಿದರೂ ನಂಬಬೇಡಿ. 2012ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಬಂದ ಒಂದು ಪರಿಶೀಲನೆಯ ಪ್ರಕಾರ ಸಿಓಟು ಥರದ ಚರ್ಮ ಸುಡುವ ಫ್ರ್ಯಾಕ್ಷನಲ್ ಲೇಸರ್‌ಗಳಲ್ಲಿ 26ರಿಂದ 83 ಶೇಕಡಾ, ಮೇಲ್ಪದರ ಸುಡದ ಲೇಸರ್‌ಗಳಲ್ಲಿ 26ರಿಂದ 50 ಶೇಕಡಾ ಸುಧಾರಣೆ ಕಂಡಿತ್ತು. ಆ ಅಂತರವನ್ನು ನೋಡಿ. 26ಕ್ಕೂ 83ಕ್ಕೂ ನಡುವೆ ನೀವು ಎಲ್ಲಿ ನಿಲ್ಲುತ್ತೀರಿ ಅನ್ನುವುದು ಬಹಳ ಮಟ್ಟಿಗೆ ಗುಳಿಯ ಜಾತಿಯ ಮೇಲೆ ಹೋಗುತ್ತದೆ. 2016ರಲ್ಲಿ, ಚಿಕಿತ್ಸೆಗಳ ಸಾಕ್ಷ್ಯ ಒಟ್ಟುಮಾಡಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆ ಮೊಡವೆ ಗುಳಿಯ ಎಲ್ಲ ಚಿಕಿತ್ಸೆಗಳ ಅಧ್ಯಯನ ಸೇರಿಸಿ ನೋಡಿದಾಗ, ಇದೇ ಮೊದಲ ಆಯ್ಕೆ ಅಂತ ಯಾವುದನ್ನೂ ಬೆರಳು ಮಾಡಿ ತೋರಿಸುವಷ್ಟು ಗಟ್ಟಿ ಸಾಕ್ಷ್ಯ ಸಿಗಲಿಲ್ಲ. ನಾನು ನನ್ನ ರೋಗಿಗಳಿಗೆ ಹೇಳುವುದು ಇಷ್ಟು: ಎಲ್ಲ ಸೇರಿಸಿ ಚೆನ್ನಾಗಿ ಮಾಡಿದರೆ ಅರ್ಧದಷ್ಟು ತಗ್ಗುತ್ತದೆ ಅಂತ ಇಟ್ಟುಕೊಳ್ಳಿ, ಅದಕ್ಕಿಂತ ಜಾಸ್ತಿಯಾದರೆ ಲಾಭ. ಅರ್ಧ ತಗ್ಗಿದರೂ ಗಲ್ಲಾದ ಆಚೆ ನಿಂತವರ ಕಣ್ಣಿಗೆ ಬೀಳುವುದು ಬಹಳ ಕಡಿಮೆಯಾಗುತ್ತದೆ. ಮತ್ತೆ, ಫಲ ಕಾಣುವುದು ನಿಧಾನ. ಮೊದಲ ವಾರದಲ್ಲಿ ಗುಳಿ ತುಂಬಿದ ಹಾಗೆ ಕಂಡರೆ ಅದು ಊತ. ನಿಜವಾದ ಲೆಕ್ಕ ಮೂರರಿಂದ ಆರು ತಿಂಗಳಿಗೆ.

ಲೇಸರ್ ಬಿಟ್ಟರೆ, ಸಣ್ಣ ಸಣ್ಣ ಸೂಜಿಗಳಿಂದ ಚರ್ಮ ಚುಚ್ಚಿ ಹೊಸ ಕೊಲ್ಯಾಜನ್ ಕಟ್ಟಿಸುವ ಮೈಕ್ರೋನೀಡ್ಲಿಂಗ್ ಇದೆ, ಅದರ ಜೊತೆ ರೇಡಿಯೋ ತರಂಗದ ಬಿಸಿ ಸೇರಿಸಿದ್ದೂ ಇದೆ. ಕಪ್ಪಾಗುವ ಭಯ ಇದರಲ್ಲಿ ಸಿಓಟುಗಿಂತ ಕಡಿಮೆ, ಮೂರು ನಾಲ್ಕು ದಿನದಲ್ಲಿ ಕೆಲಸಕ್ಕೆ ಹೋಗಬಹುದು. ನಿಮ್ಮ ಕೆಲಸದ ಜಾಗ ನೋಡಿದರೆ ಲೇಸರ್‌ಗಿಂತ ಮೊದಲು ನಾನು ಇದನ್ನೇ ಯೋಚಿಸುತ್ತೇನೆ. ಆನ್‌ಲೈನ್‌ನಲ್ಲಿ ಸಿಗುವ ರೋಲರ್ ತಂದು ಮನೆಯಲ್ಲಿ ಉರುಳಿಸಬೇಡಿ. ಮೊಡವೆ ಇರುವ ಮುಖದಲ್ಲಿ ಅದು ಸೋಂಕನ್ನೇ ಹರಡುತ್ತದೆ. ನಿಮ್ಮದೇ ರಕ್ತ ತೆಗೆದು ಅದರ ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಚರ್ಮಕ್ಕೆ ಕೊಡುವ ಪಿಆರ್‌ಪಿಯನ್ನು ಜೊತೆಗೆ ಸೇರಿಸೋಣ ಅಂದರೆ ಸೇರಿಸಬಹುದು, ಅದೊಂದೇ ಸಾಲದು.

ದುಡ್ಡಿನ ವಿಷಯ. ಆರು ಸಿಟ್ಟಿಂಗಿನ ಹಣ ಮುಂಗಡ ಕಟ್ಟಿದರೆ ಎರಡನೇ ಸಿಟ್ಟಿಂಗ್‌ಗೆ ಮುಖ ಕಪ್ಪಾದಾಗ ನಿಲ್ಲಿಸುವ ಧೈರ್ಯ ನಿಮಗೂ ಇರುವುದಿಲ್ಲ, ನಿಲ್ಲಿಸಿ ಅನ್ನುವ ಮನಸ್ಸು ಅವರಿಗೂ ಇರುವುದಿಲ್ಲ. ಒಂದೊಂದಕ್ಕೇ ಕೊಡಿ. ಲೇಸರ್ ಯಾರ ಕೈಯಲ್ಲಿರುತ್ತದೆ ಅಂತ ಕೇಳಿ. ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಓದಿದ ಡಾಕ್ಟರು ಸ್ವತಃ ಹೊಡೆಯುತ್ತಾರೋ, ಇಲ್ಲ ಅವರ ಹೆಸರಿನಲ್ಲಿ ಟೆಕ್ನೀಷಿಯನ್ ಹೊಡೆಯುತ್ತಾರೋ? ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಬೇಕು. ನಮ್ಮಂಥದೇ ಬಣ್ಣದವರ, ಆರು ತಿಂಗಳ ನಂತರದ ಫೋಟೋ ತೋರಿಸಿ ಅನ್ನಿ. ಮುಂಚಿನ ಫೋಟೋಗೆ ಪಕ್ಕದ ಬೆಳಕು, ಆಮೇಲಿನ ಫೋಟೋಗೆ ಎದುರು ಬೆಳಕು ಹಾಕಿದರೆ ಏನೂ ಮಾಡದೆಯೂ ಗುಳಿ ಮಾಯವಾಗುತ್ತದೆ. ಟಾರ್ಚ್ ಹಿಡಿದು ನೋಡಿದ ನಿಮಗೆ ಅದು ಈಗ ಗೊತ್ತಾಗುತ್ತದೆ. ಆರೋಗ್ಯ ವಿಮೆ ಇದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ, ಸೌಂದರ್ಯ ಚಿಕಿತ್ಸೆ ಅಂತ ಬದಿಗಿಡುತ್ತಾರೆ. ವೆಸ್ಟರ್ನ್ ಲೈನಿನಲ್ಲಿರುವ ನಿಮಗೆ ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆ, ಪರೇಲ್‌ನ ಕೆಇಎಂ ಎರಡೂ ಕಡೆ ಚರ್ಮ ವಿಭಾಗವಿದೆ. ಮೊಡವೆ, ಗಂಟು, ಸ್ಟೀರಾಯ್ಡ್ ಕ್ರೀಮಿನ ತೊಂದರೆ ಇವಕ್ಕೆ ಅಲ್ಲಿ ತೋರಿಸಿದರೆ ಖರ್ಚು ತೀರಾ ಕಡಿಮೆ. ಬೆಳಿಗ್ಗೆ ಬೇಗ ಹೋಗಿ ಕೇಸ್‌ಪೇಪರ್ ಮಾಡಿಸಬೇಕು, ಕ್ಯೂ ಇರುತ್ತದೆ, ಅಷ್ಟೇ.

ನಿಮ್ಮ ಅಮ್ಮನ ಮಾತು ಕಲೆಯ ಮಟ್ಟಿಗೆ ಸರಿ, ಗುಳಿಯ ಮಟ್ಟಿಗೆ ಅಲ್ಲ. ವಯಸ್ಸಾಗಿ ಚರ್ಮ ಸಡಿಲವಾದರೆ ರೋಲಿಂಗ್ ಗುಳಿಗಳು ಇನ್ನೂ ಎದ್ದು ಕಾಣುತ್ತವೆ. ಗಂಡಸರಿಗೆ ಯಾಕೆ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಮದುವೆ ಮನೆಗೆ ಹೋಗುವುದನ್ನೇ ಬಿಡುವಷ್ಟು ನಿಮ್ಮನ್ನು ಇದು ಕಾಡುತ್ತಿದ್ದರೆ ಚಿಕಿತ್ಸೆಗೆ ಅದೇ ಕಾರಣ ಸಾಕು. ಅದನ್ನು ಡಾಕ್ಟರಿಗೂ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ. ನಿದ್ದೆ ಬಾರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಇದ್ದರೆ ಅದನ್ನೂ ಹೇಳಬೇಕು. ಐಸೊಟ್ರೆಟಿನೋಯಿನ್ ಮತ್ತೆ ಶುರು ಮಾಡುವ ಮುಂಚೆ ಅವರಿಗೆ ಅದು ಗೊತ್ತಿರಬೇಕಾದ ವಿಷಯ.

ಹಾಗಾದರೆ ಕ್ರಮ ಹೀಗಿರಲಿ. ಈ ವಾರ ಟ್ಯೂಬ್ ಹಿಡಿದು ಚರ್ಮದ ಡಾಕ್ಟರ ಹತ್ತಿರ ಹೋಗಿ, ಮೊಡವೆಯ ಮದ್ದು ಮತ್ತೆ ಶುರುವಾಗಲಿ, ಗಂಟಿಗೆ ಇಂಜೆಕ್ಷನ್ ಆಗಲಿ. ಇವಕ್ಕೆ ಕಾಯಬೇಕಾಗಿಲ್ಲ. ಹೊಸ ಮೊಡವೆ ನಿಂತು ಎರಡು ಮೂರು ತಿಂಗಳು ಕಳೆದ ಮೇಲೆ ಸಬ್‌ಸಿಷನ್, ಕ್ರಾಸ್. ಅದು ಮಾಡಿ ಉಳಿದದ್ದಕ್ಕೆ ಮೈಕ್ರೋನೀಡ್ಲಿಂಗ್ ಇಲ್ಲವೇ ಲೇಸರ್, ಟೆಸ್ಟ್ ಸ್ಪಾಟ್‌ನಿಂದ ಶುರು. ಲೇಸರ್ ಆದ ಮೇಲೆ ಕನಿಷ್ಠ ನಾಲ್ಕು ವಾರ ಬಿಸಿಲು ತಪ್ಪಿಸಬೇಕು. ಹಾಗಾಗಿ ಮೇ ತಿಂಗಳಲ್ಲಿ ಊರಿಗೆ ಹೋಗುವುದಿದ್ದರೆ ಏಪ್ರಿಲ್‌ನಲ್ಲಿ ಮಾಡಿಸಬೇಡಿ. ಕುಂದಾಪುರದ ಆ ಬಿಸಿಲಿನಲ್ಲಿ ಮದುವೆ, ಕೋಲ, ಗೃಹಪ್ರವೇಶ ಅಂತ ತಿರುಗಾಡಿ, ಊರಿಂದ ವಾಪಸ್ ಬಂದು, ಮಳೆ ಹಿಡಿದ ಮೇಲೆ ದಿನ ಗೊತ್ತು ಮಾಡಿಕೊಂಡರೆ ಸಾಕು.